ಫಜ್ ಮೊದಲು ಫೇಮಸ್ ಆಗಿದ್ದು ಬೇಸ್‌ನಲ್ಲಿ

ಭಾಗ 1/7: ಕೆಟ್ಟುಹೋದ ಒಂದು ಚಾನೆಲ್

ಕಾಲೇಜ್ ಬ್ಯಾಂಡಲ್ಲಿ ಬೇಸ್ ನುಡಿಸೋರೇ, ಇದು ನಿಮಗೆ. ಫಜ್ ಪೆಡಲ್ ತಗೋತೀನಿ ಅಂದ ತಕ್ಷಣ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ: "ಅದು ಗಿಟಾರ್ ಐಟಂ ಗುರು, ನಿಂಗ್ಯಾಕೆ?" ಈ ಸರಣಿ ಆ ಮಾತಿಗೆ ಉತ್ತರ. ಕೊನೆಗೆ ಯಾವ ಥರದ ಪೆಡಲ್ ತಗೋಬೇಕು ಅನ್ನೋದೂ ಬರುತ್ತೆ. ದುಡ್ಡು ಕೂಡಿಡ್ತಾ ಇರೋರು ಸೇವ್ ಮಾಡ್ಕೊಳ್ಳಿ.

ಜಾಗ ಅಮೆರಿಕದ ನ್ಯಾಶ್‌ವಿಲ್, ಕಂಟ್ರಿ ಸಂಗೀತದ ತವರು. ಅಲ್ಲಿನ ಕ್ವಾನ್ಸೆಟ್ ಹಟ್ ಸ್ಟುಡಿಯೋದಲ್ಲಿ ಗಾಯಕ ಮಾರ್ಟಿ ರಾಬಿನ್ಸ್ 'ಡೋಂಟ್ ವರಿ' ಅನ್ನೋ ಹಾಡು ರೆಕಾರ್ಡ್ ಮಾಡ್ತಿದ್ರು. ಮೆತ್ತಗೆ ಸಾಗೋ ವಿರಹದ ಹಾಡು. ನಡುವೆ ಒಂದು ಸಣ್ಣ ಸೋಲೋ. ಅದನ್ನ ನುಡಿಸಿದ್ದು ಗ್ರೇಡಿ ಮಾರ್ಟಿನ್, ಆರು ತಂತಿಯ ಬೇಸ್‌ನಲ್ಲಿ. ಅಂದ್ರೆ ಮಾಮೂಲಿ ಗಿಟಾರ್‌ಗಿಂತ ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡಿದ ವಾದ್ಯ. ಆ ಸದ್ದು ಮಿಕ್ಸಿಂಗ್ ಕನ್ಸೋಲಿನ ಯಾವ ಚಾನೆಲ್ ಮೂಲಕ ಹಾದುಹೋಯಿತೋ, ಅದರ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿತ್ತು. ಬೇಸ್ ಬದಲು ಹರಿದ ತುತ್ತೂರಿ ಥರದ ಗೊರಗೊರ ಕೇಳಿಸಿತು.

ಸರಿಮಾಡಿ ಇನ್ನೊಂದು ಟೇಕ್ ತಗೋಬಹುದಿತ್ತು. ತಗೊಳ್ಳಲಿಲ್ಲ, ಆ ಸದ್ದನ್ನೇ ಹಾಡಲ್ಲಿ ಉಳಿಸಿಕೊಂಡ್ರು. 1961ರಲ್ಲಿ ಹಾಡು ಅಮೆರಿಕದ ಕಂಟ್ರಿ ಪಟ್ಟಿಯಲ್ಲಿ 10 ವಾರ ಮೊದಲ ಸ್ಥಾನದಲ್ಲಿತ್ತು. ಪಾಪ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಅದೇ ವರ್ಷ ಗ್ರೇಡಿ ಮಾರ್ಟಿನ್ 'ದ ಫಜ್' ಅನ್ನೋ ಹೆಸರಲ್ಲೇ ಒಂದು ವಾದ್ಯಸಂಗೀತದ ರೆಕಾರ್ಡ್ ತಂದ್ರು.

ಹೀಗೆ ಫಜ್ ಲಕ್ಷಾಂತರ ಜನರ ಕಿವಿಗೆ ಬಿದ್ದಿದ್ದು ಬೇಸ್ ತಂತಿಯಿಂದ.

ಭಾಗ 2/7: ಅದಕ್ಕೂ ಮುಂಚೆ ಇರಲಿಲ್ವಾ?

ಇತ್ತು. ನ್ಯಾಯವಾಗಿ ಹೇಳಬೇಕು. 1951ರ 'ರಾಕೆಟ್ 88' ಹಾಡಲ್ಲಿ ಗಿಟಾರ್ ಆಂಪ್ ಹಾಳಾಗಿದ್ದರಿಂದ ಬಂದ ಒಡಕು ದನಿ ಇದೆ. 1958ರ 'ರಂಬಲ್'ಗಾಗಿ ಲಿಂಕ್ ರೇ ತಮ್ಮ ಆಂಪ್‌ನ ಸ್ಪೀಕರ್‌ಗೆ ಬೇಕಂತಲೇ ತೂತು ಮಾಡಿದ್ರು. ಇವೆಲ್ಲ ಗಿಟಾರ್ ಕಥೆಗಳು. ಆದ್ರೆ ಇವುಗಳಲ್ಲಿ ಯಾವುದೂ ನೇರವಾಗಿ ಅಂಗಡಿಯಲ್ಲಿ ಸಿಗೋ ಪೆಟ್ಟಿಗೆ ಆಗಲಿಲ್ಲ. ಆಂಪ್ ಹಾಳುಮಾಡಿಕೊಂಡ್ರೆ ಮಾತ್ರ ಆ ಸದ್ದು.

ನ್ಯಾಶ್‌ವಿಲ್ ಸದ್ದಿನ ಹಣೆಬರಹ ಬೇರೆ. ಹಾಡು ಹಿಟ್ ಆದಮೇಲೆ ಬೇರೆ ಕಲಾವಿದರೂ ಅದೇ ಬೇಕು ಅಂತ ಕೇಳತೊಡಗಿದ್ರು. ಅಷ್ಟೊತ್ತಿಗೆ ಕೆಟ್ಟಿದ್ದ ಭಾಗ ಪೂರ್ತಿ ಸತ್ತುಹೋಗಿತ್ತು. ಆ ರೆಕಾರ್ಡಿಂಗ್‌ನ ಎಂಜಿನಿಯರ್ ಗ್ಲೆನ್ ಸ್ನಾಡಿ ಕೈಕಟ್ಟಿ ಕೂರಲಿಲ್ಲ. ರೆವಿಸ್ ಹಾಬ್ಸ್ ಅನ್ನೋ ಇನ್ನೊಬ್ಬ ಎಂಜಿನಿಯರ್ ಜೊತೆ ಸೇರಿ, ಅದೇ ಥರ ಸದ್ದನ್ನ ಒಡೆಯೋ ಒಂದು ಟ್ರಾನ್ಸಿಸ್ಟರ್ ಸರ್ಕ್ಯೂಟ್ ಕಟ್ಟಿದ್ರು. ಗಿಬ್ಸನ್ ಕಂಪನಿ ಅದನ್ನ ಕೊಂಡುಕೊಂಡು 1962ರಲ್ಲಿ 'ಮೇಸ್ಟ್ರೋ ಫಜ್-ಟೋನ್ ಎಫ್‌ಜಡ್-1' ಅಂತ ಮಾರುಕಟ್ಟೆಗೆ ಬಿಟ್ಟಿತು. ಒಳಗೆ ಮೂರು ಜರ್ಮೇನಿಯಂ ಟ್ರಾನ್ಸಿಸ್ಟರ್, 1.5 ವೋಲ್ಟಿನ ಎರಡು ಸೆಲ್, ಮೇಲೆ ಕಾಲಲ್ಲಿ ಒತ್ತೋ ಸ್ವಿಚ್. ಕೆಟ್ಟುಹೋದ ಸದ್ದಿಗೆ ಈಗ ಆನ್, ಆಫ್ ಎರಡೂ ಬಂತು.

ಭಾಗ 3/7: ಬೇಸ್ ಕೈಯಿಂದ ಜಾರಿದ್ದು

ಗಿಬ್ಸನ್‌ನವರು ಶುರುವಲ್ಲಿ ಬೇಸ್ ವಾದಕರನ್ನ ಮರೆತಿರಲಿಲ್ಲ. 1962ರಲ್ಲೇ 'ಇಬಿ-0ಎಫ್' ಅನ್ನೋ ಬೇಸ್ ತಂದ್ರು, ಅದರ ಮೈಯೊಳಗೇ ಫಜ್ ಸರ್ಕ್ಯೂಟ್ ಕೂರಿಸಿತ್ತು. ಪೆಡಲ್‌ನ ಪ್ರಚಾರದಲ್ಲೂ ಗಿಟಾರ್ ಮತ್ತು ಬೇಸ್ ಎರಡಕ್ಕೂ ಆಗುತ್ತೆ, ತುತ್ತೂರಿ, ಟ್ರಾಂಬೋನ್, ಚೆಲ್ಲೋ ಥರ ಕೇಳಿಸುತ್ತೆ ಅಂತ ಹೇಳಿದ್ರು. ಒಬ್ಬನೇ ಮನುಷ್ಯ ಇಡೀ ಬ್ರಾಸ್ ಬ್ಯಾಂಡ್ ಆಗಬಹುದು ಅನ್ನೋ ಆಸೆ ತೋರಿಸಿದ್ರು. ಅಂಗಡಿಗಳು ತರಿಸಿಕೊಂಡವು, ಜನ ಕೊಳ್ಳಲಿಲ್ಲ. ಪೆಡಲ್ ಧೂಳು ತಿಂತಾ ಕೂತಿತು.

ಆಮೇಲೆ 1965. ರೋಲಿಂಗ್ ಸ್ಟೋನ್ಸ್‌ನ 'ಸ್ಯಾಟಿಸ್‌ಫ್ಯಾಕ್ಷನ್'. ಕೀತ್ ರಿಚರ್ಡ್ಸ್ ಅದರ ಸಾಲನ್ನ ಎಫ್‌ಜಡ್-1ರಲ್ಲಿ ನುಡಿಸಿದ್ದು ತಾತ್ಕಾಲಿಕವಾಗಿ. ಆಮೇಲೆ ಆ ಜಾಗಕ್ಕೆ ಬ್ರಾಸ್ ವಾದ್ಯ ಹಾಕಿಸೋ ಯೋಚನೆ ಅವರದ್ದು. ಆದ್ರೆ ಫಜ್ ಇದ್ದ ರೂಪವೇ ಬಿಡುಗಡೆಯಾಗಿ ಎಲ್ಲ ಕಡೆ ಹಿಟ್ ಆಯ್ತು, ಧೂಳು ಹಿಡಿದಿದ್ದ ಪೆಡಲ್‌ಗಳೆಲ್ಲ ಖಾಲಿ ಆದ್ವು. ಸ್ನಾಡಿ ಮತ್ತು ಹಾಬ್ಸ್‌ಗೆ ಪೇಟೆಂಟ್ ಸಿಕ್ಕಿದ್ದೂ ಅದೇ ವರ್ಷ.

ಅಲ್ಲಿಂದ ಫಜ್ ಅಂದ್ರೆ ಗಿಟಾರ್ ಅನ್ನೋದು ಜನರ ತಲೇಲಿ ಕೂತುಬಿಡ್ತು. ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ 1965ರಲ್ಲಿ ಟೋನ್ ಬೆಂಡರ್ ಮಾಡಿದ್ರು, 1966ರಲ್ಲಿ ಅರ್ಬಿಟರ್ ಕಂಪನಿಯ ಫಜ್ ಫೇಸ್ ಬಂತು, ಅದನ್ನ ಜಿಮಿ ಹೆಂಡ್ರಿಕ್ಸ್ ತುಳಿದ್ರು. ಇನ್ನೇನು ಬೇಕು? ಮುಂದೆ ಬಂದ ಪೆಡಲ್‌ಗಳಲ್ಲಿ ಬಹುಪಾಲು ಗಿಟಾರ್ ಕಿವಿಗೆ ತಕ್ಕ ಹಾಗೇ ತಯಾರಾದ್ವು. ಇವತ್ತು ನೀವು ಅಂಗಡೀಲಿ ಎದುರಿಸೋ ತೊಂದರೆಯ ಬೇರು ಇಲ್ಲೇ ಇದೆ.

ಭಾಗ 4/7: ಬೇಸ್ ಎಲ್ಲಿ ಮಾಯ ಆಗುತ್ತೆ?

ಸ್ವಲ್ಪ ಫಿಸಿಕ್ಸ್. ಓಡಿಹೋಗಬೇಡಿ, ಪಿಯುಸಿ ಲೆವೆಲ್ಲೇ.

ನಾಲ್ಕು ತಂತಿಯ ಬೇಸ್‌ನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಫಜ್ ಮಾಡೋ ಕೆಲಸ ಇಷ್ಟೇ: ಆ ಅಲೆಯನ್ನ ಮಿತಿಮೀರಿ ದೊಡ್ಡದು ಮಾಡಿ, ತಲೆ ಮತ್ತು ಬುಡವನ್ನ ಕತ್ತರಿಸಿ ಚೌಕಾಕಾರಕ್ಕೆ ತರೋದು. ಹಾಗೆ ಕತ್ತರಿಸಿದಾಗ ಮೂಲ ಸ್ವರದ ಮೇಲೆ ಹೊಸ ಸ್ವರಗಳು ಹುಟ್ಟುತ್ತವೆ, ಮುಖ್ಯವಾಗಿ 3 ಪಟ್ಟು, 5 ಪಟ್ಟು, 7 ಪಟ್ಟು. ಅಂದ್ರೆ 41ರ ಜೊತೆಗೆ 123, 206, ಹೀಗೆ ಮೇಲಕ್ಕೆ.

ಇದರಿಂದ ಒಂದು ಲಾಭ ಇದೆ. ನಿಮ್ಮ ಫೋನ್ ಸ್ಪೀಕರ್‌ಗೆ 41 ಹರ್ಟ್ಜ್ ನುಡಿಸೋ ತಾಕತ್ತಿಲ್ಲ. ಆದ್ರೆ ಮೇಲಿನ ಸ್ವರಗಳು ಕೇಳಿಸಿದ್ರೆ ಸಾಕು, ಕೆಳಗಿನ ಮೂಲ ಸ್ವರವನ್ನ ಮಿದುಳೇ ಊಹಿಸಿಕೊಳ್ಳುತ್ತೆ. ರೀಲ್ಸ್‌ನಲ್ಲಿ ಮಾಮೂಲಿ ಬೇಸ್ ಕಾಣೆಯಾದ್ರೂ ಫಜ್ ಬೇಸ್ ಕೇಳಿಸೋದು ಅದಕ್ಕೇ. ನಮ್ಮ ತಂಬೂರಿ ನೆನಪು ಮಾಡ್ಕೊಳ್ಳಿ. ಕುದುರೆ ಮೇಲೆ ತಂತಿ ಕೆಳಗೆ ಒಂದು ಸಣ್ಣ ದಾರ ಸರಿಸ್ತಾರೆ, ಝೇಂಕಾರ ಬಿಚ್ಚಿಕೊಳ್ಳುತ್ತೆ. ವಿಧಾನ ಬೇರೆ, ಆದ್ರೆ ಒಂದೇ ತಂತಿಯಿಂದ ಹಲವು ಸ್ವರ ಎಬ್ಬಿಸೋ ಆಸೆ ಹಳೇದು.

ಇನ್ನು ನಷ್ಟ. ಗಿಟಾರ್‌ನ ಅತಿ ಕೆಳಗಿನ ಸ್ವರವೇ ಸುಮಾರು 82 ಹರ್ಟ್ಜ್. ಗಿಟಾರ್‌ಗೆ ಅಂತ ಮಾಡಿದ ಪೆಡಲ್‌ನಲ್ಲಿ ಅದಕ್ಕಿಂತ ಕೆಳಗಿನದನ್ನ ಕಾಪಾಡಬೇಕು ಅನ್ನೋ ಹಂಗಿಲ್ಲ, ಒಳಗಿನ ಕೆಪಾಸಿಟರ್‌ಗಳು ಬಹಳ ಸಲ ಅದನ್ನ ಸೋಸಿಬಿಡ್ತವೆ. ಜೊತೆಗೆ, ಅಲೆಯ ತಲೆ ಕತ್ತರಿಸಿದಾಗ ಬೆರಳಿನ ಏಟಿನ ಗುದ್ದೂ ಸಮತಟ್ಟಾಗುತ್ತೆ. ಡ್ರಮ್ಮರ್ ಕಿಕ್ ಹೊಡೆದಾಗ ಅದರ ಜೊತೆ ಬೀಳಬೇಕಾದ ಏಟೇ ಇರಲ್ಲ. ರೂಮಲ್ಲಿ ಒಬ್ಬರೇ ನುಡಿಸುವಾಗ ರಾಕ್ಷಸನ ಥರ ಕೇಳಿಸಿದ ಪೆಡಲ್, ಸ್ಟೇಜಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಆಗೋದು ಹೀಗೆ.

ಭಾಗ 5/7: 8 ನವೆಂಬರ್ 1965, ಲಂಡನ್

ಈ ತೊಂದರೆಗೆ ಪರಿಹಾರ ಬೇಗನೇ ಸಿಕ್ಕಿತ್ತು, ನಾವು ಗಮನಿಸಲಿಲ್ಲ ಅಷ್ಟೇ.

ಆ ದಿನ ಬೀಟಲ್ಸ್ ಅಬ್ಬೆ ರೋಡ್‌ನ ಇಎಂಐ ಸ್ಟುಡಿಯೋದಲ್ಲಿ ಜಾರ್ಜ್ ಹ್ಯಾರಿಸನ್ ಬರೆದ 'ಥಿಂಕ್ ಫಾರ್ ಯುವರ್‌ಸೆಲ್ಫ್' ರೆಕಾರ್ಡ್ ಮಾಡಿದ್ರು. ಹೆಡ್‌ಫೋನ್ ಹಾಕಿ ಕೇಳಿ. ಪಾಲ್ ಮೆಕಾರ್ಟ್ನಿಯ ಬೇಸ್ ಅದರಲ್ಲಿ ಎರಡು ಸಲ ಇದೆ. ಒಂದು ಮಾಮೂಲಿ ಬೇಸ್, ಕೆಳಗೆ ನೆಲದ ಥರ ಗಟ್ಟಿಯಾಗಿ ನಿಂತಿದೆ. ಇನ್ನೊಂದು ಫಜ್ ಬೇಸ್, ಮೇಲೆ ಲೀಡ್ ಗಿಟಾರ್ ಜಾಗದಲ್ಲಿ ಉರುಳಾಡ್ತಿದೆ. ಗೊರಗೊರ ಎಷ್ಟೇ ಇದ್ರೂ ಹಾಡು ತೆಳ್ಳಗಾಗಲ್ಲ, ಯಾಕಂದ್ರೆ ನೆಲ ಅಲುಗಾಡಿಲ್ಲ.

ಬೇಸ್ ಫಜ್‌ನ ಇಡೀ ಪಾಠ ಆ ಎರಡು ಟ್ರ್ಯಾಕ್‌ಗಳಲ್ಲಿದೆ. ಒಂದು ಕ್ಲೀನ್, ಒಂದು ಕೊಳಕು, ಎರಡೂ ಒಟ್ಟಿಗೆ. ಇವತ್ತಿನ ಬೇಸ್ ಪೆಡಲ್‌ಗಳ ಮೇಲೆ 'ಬ್ಲೆಂಡ್' ಅಥವಾ 'ಡ್ರೈ' ಅಂತ ಬರೆದಿರುತ್ತಲ್ಲ, ಅದು ಇದೇ ಎರಡು ಟ್ರ್ಯಾಕನ್ನ ಒಂದೇ ಪೆಟ್ಟಿಗೆಗೆ ತುಂಬಿಸಿದ್ದು.

ಭಾಗ 6/7: ನ್ಯೂಯಾರ್ಕ್‌ನಿಂದ ರಷ್ಯಾಕ್ಕೆ

1969ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಮೈಕ್ ಮ್ಯಾಥ್ಯೂಸ್ ಅವರ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿ ಬಿಗ್ ಮಫ್ ತಂದಿತು. ಉದ್ದಕ್ಕೆ ಎಳೆಯೋ, ದಪ್ಪ ಕಂಬಳಿ ಥರದ ಸದ್ದು. ಇದೂ ಗಿಟಾರ್‌ಗೇ. ಆದ್ರೆ ಬೇಸ್‌ನವರು ಸುಮ್ಮನಿರಲಿಲ್ಲ. ಇಂಗ್ಲೆಂಡಿನ ಸಾಫ್ಟ್ ಮೆಷೀನ್ ತಂಡದ ಹ್ಯೂ ಹಾಪರ್ ಫಜ್ ಬೇಸನ್ನೇ ತಮ್ಮ ಗುರುತು ಮಾಡಿಕೊಂಡ್ರು. 1983ರಲ್ಲಿ ಮೆಟಾಲಿಕಾದ ಮೊದಲ ಆಲ್ಬಂನಲ್ಲಿ ಕ್ಲಿಫ್ ಬರ್ಟನ್ ಫಜ್, ವಾ ಎರಡನ್ನೂ ಬಳಸಿ 'ಪುಲ್ಲಿಂಗ್ ಟೀತ್' ಅನ್ನೋ ಬೇಸ್ ಸೋಲೋನೇ ಇಟ್ಟುಬಿಟ್ರು. ಮೊದಲ ಸಲ ಕೇಳಿದವರು ಇದು ಗಿಟಾರ್ ಅಂತಲೇ ತಿಳ್ಕೋತಾರೆ. ಕ್ಲಿಫ್ 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಕೊಂಡ್ರು, ಆಗ ಬರೀ 24 ವರ್ಷ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅವರ ಜಾಗದಲ್ಲಿ ನಿಂತಿದ್ದು ರಾಬರ್ಟ್ ಟ್ರುಹಿಯೋ.

1990ರ ದಶಕದಲ್ಲಿ ಮ್ಯಾಥ್ಯೂಸ್ ಬಿಗ್ ಮಫ್ ಅನ್ನ ರಷ್ಯಾದಲ್ಲಿ ಸೊವ್‌ಟೆಕ್ ಹೆಸರಲ್ಲಿ ಮಾಡಿಸತೊಡಗಿದ್ರು. ಮಿಲಿಟರಿ ಹಸಿರಿನ ದಪ್ಪ ಡಬ್ಬ. ಇದು ಬೇಸ್‌ಗೆ ಅಂತ ಮಾಡಿದ್ದಲ್ಲ, ಆದ್ರೂ ಕೆಳಗಿನ ಸದ್ದು ಚೆನ್ನಾಗಿ ಉಳೀತಿತ್ತು. ಬೇಸ್‌ನವರು ಹುಡುಕಿ ಹುಡುಕಿ ಕೊಂಡ್ರು. ಮ್ಯೂಸ್ ತಂಡದ 2003ರ 'ಹಿಸ್ಟೀರಿಯಾ' ಹಾಡಲ್ಲಿ ಕ್ರಿಸ್ ವೊಲ್‌ಸ್ಟೆನ್‌ಹೋಮ್ ಅವರ ಫಜ್ ಬೇಸೇ ಹಾಡಿನ ಎಂಜಿನ್. ಕೊನೆಗೆ ಕಂಪನಿಯೇ ಬೇಸ್ ಬಿಗ್ ಮಫ್ ಮಾಡಿತು, ಅದರಲ್ಲಿ ಒಂದು 'ಡ್ರೈ' ಸ್ವಿಚ್ ಇಟ್ಟಿತು. 1965ರ ಆ ಎರಡು ಟ್ರ್ಯಾಕ್ ಮತ್ತೆ ಬಂತು ನೋಡಿ.

ಭಾಗ 7/7: ಈಗ ಅಂಗಡಿಗೆ ಹೋಗೋಣ

ಇಷ್ಟು ಇತಿಹಾಸ ಗೊತ್ತಿದ್ರೆ ಆಯ್ಕೆ ಸುಲಭ. ಹೆಂಡ್ರಿಕ್ಸ್ ಬಳಸಿದ್ರು ಅನ್ನೋ ಕಾರಣಕ್ಕೆ ಕೊಳ್ಳಬೇಡಿ. ಈ ಐದು ವಿಷಯ ನೋಡಿ.

ಒಂದು, ಕ್ಲೀನ್ ಸದ್ದು ಬೆರೆಸೋಕೆ ನಾಬ್ ಅಥವಾ ಸ್ವಿಚ್ ಇದೆಯಾ? ಇದ್ರೆ ಅರ್ಧ ಕೆಲಸ ಮುಗೀತು. ಇಲ್ಲದ ಪೆಡಲ್ ತುಂಬಾ ಇಷ್ಟ ಆದ್ರೆ, ಬೆರೆಸೋ ಪೆಡಲ್ ಬೇರೆ ತಗೋಬೇಕಾಗುತ್ತೆ. ಆ ಖರ್ಚನ್ನ ಈಗಲೇ ಲೆಕ್ಕಕ್ಕೆ ಹಿಡೀರಿ.

ಎರಡು, ದಪ್ಪ ಇ ತಂತಿಯನ್ನ ಮೀಟಿ ಪೆಡಲ್ ಆನ್, ಆಫ್ ಮಾಡಿ. ಆನ್ ಮಾಡಿದಾಗ ಎದೆಗೆ ತಟ್ಟೋ ಭಾಗ ಹೊರಟುಹೋದ್ರೆ ಅದು ಗಿಟಾರ್‌ನವರಿಗೆ ಬಿಡಿ.

ಮೂರು, ಟ್ರಾನ್ಸಿಸ್ಟರ್ ಯಾವುದು ಕೇಳಿ. ಹಳೇ ಥರದ ಜರ್ಮೇನಿಯಂ ಬಿಸಿಲಿಗೆ ದನಿ ಬದಲಿಸುತ್ತೆ. ಮೇ ತಿಂಗಳಲ್ಲಿ ಕಲಬುರಗಿಯ ಬಯಲು ವೇದಿಕೆ ಮೇಲೆ ಅದು ರೂಮಲ್ಲಿ ನುಡಿದ ಹಾಗೆ ನುಡಿಯಲ್ಲ. ಸಿಲಿಕಾನ್ ಆದ್ರೆ ಆ ಚಿಂತೆ ಕಡಿಮೆ. ಹಳೇ ಜರ್ಮೇನಿಯಂ ಮಾದರಿಗಳಲ್ಲಿ ಪಾಸಿಟಿವ್ ಗ್ರೌಂಡ್ ಇದ್ರೆ, ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್ ಹಂಚಿಕೊಳ್ಳೋಕೂ ಆಗಲ್ಲ.

ನಾಲ್ಕು, ನಿಮ್ಮ ಬೇಸ್‌ನೇ ತಗೊಂಡು ಹೋಗಿ. ಬ್ಯಾಟರಿ ಹಾಕೋ ಆಕ್ಟಿವ್ ಬೇಸ್ ಮತ್ತು ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್ ಒಂದೇ ಫಜ್‌ನಲ್ಲಿ ಬೇರೆ ಬೇರೆ ಥರ ನುಡಿಯುತ್ತವೆ, ಅದರಲ್ಲೂ ಫಜ್ ಫೇಸ್ ಜಾತಿಯ ಪೆಡಲ್‌ಗಳಲ್ಲಿ.

ಐದು, ಸಾಧ್ಯ ಆದ್ರೆ ಡ್ರಮ್ ಜೊತೆ ಕೇಳಿ. ಒಂದೊಂದೇ ಸ್ವರ ನುಡಿಸಿ. ಕೆಳಸ್ಥಾಯಿಯಲ್ಲಿ ಎರಡು ಸ್ವರ ಒಟ್ಟಿಗೆ ಹಿಡಿದ್ರೆ ಫಜ್ ಅದನ್ನ ಕೆಸರು ಮಾಡುತ್ತೆ.

ಬ್ಯಾಂಡಲ್ಲಿ ಬೇಸ್‌ನವರನ್ನ ಯಾರೂ ನೋಡಲ್ಲ ಅನ್ನೋ ಜೋಕ್ ಗೊತ್ತಲ್ಲ. ಆ ನ್ಯಾಶ್‌ವಿಲ್ ಸೋಲೋ ನುಡಿಸಿದವರ ಹೆಸರೂ ಹೆಚ್ಚು ಜನಕ್ಕೆ ಗೊತ್ತಿಲ್ಲ, ಅವರಿಂದ ಶುರುವಾದ ಸದ್ದು ಮಾತ್ರ ಎಲ್ಲರಿಗೂ ಗೊತ್ತು. ನೀವು ಫಜ್ ತುಳಿದ್ರೆ ಗಿಟಾರ್‌ನವರ ಸಾಮಾನು ಎರವಲು ತಗೊಂಡ ಹಾಗಲ್ಲ. ಧೈರ್ಯವಾಗಿ ತುಳಿಯಿರಿ. ಕೆಳಗಿನ ನೆಲ ಮಾತ್ರ ಬಿಟ್ಟುಕೊಡಬೇಡಿ, ಇಡೀ ಬ್ಯಾಂಡ್ ಅದರ ಮೇಲೇ ನಿಂತಿರೋದು.

ಬ್ಯಾಂಡಿನ ಬೇಸ್ ಗೆಳೆಯ, ಗೆಳತಿಯರಿಗೆ ಇದನ್ನ ಕಳಿಸಿ. "ನಿಂಗ್ಯಾಕೆ?" ಅಂದವರಿಗೆ ಮರೀದೆ ಕಳಿಸಿ.

#ಬೇಸ್‌ಗಿಟಾರ್ #ಫಜ್ #ಸದ್ದಿನಇತಿಹಾಸ #ಕನ್ನಡದಲ್ಲಿಸಂಗೀತ