ಮೀನಿನ ಆಹಾರದಲ್ಲಿ ಸಾರಭೂತ ತೈಲಗಳು

ಸಾರಭೂತ ತೈಲಗಳು ಗಿಡಮೂಲಿಕೆ, ಸಾಂಬಾರ ಪದಾರ್ಥ ಹಾಗೂ ಹಣ್ಣಿನ ಸಿಪ್ಪೆಗಳನ್ನು ಬಟ್ಟಿ ಇಳಿಸಿ ಅಥವಾ ಹಿಂಡಿ ಪಡೆಯುವ, ಬೇಗನೆ ಆವಿಯಾಗುವ ಸುಗಂಧ ದ್ರವ್ಯಗಳು. ಸಾಕಣೆ ಮೀನುಗಳ ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸಿ ಪ್ರತಿಜೀವಕಗಳ ಬಳಕೆಯನ್ನು ತಗ್ಗಿಸುವ ಉದ್ದೇಶದಿಂದ ಇವುಗಳನ್ನು ಮೀನಿನ ಆಹಾರಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಲಾಗುತ್ತದೆ. ತೈಲವೆಂದು ಕರೆದರೂ ಇವು ಅಡುಗೆ ಎಣ್ಣೆಗಳಂತೆ ಕೊಬ್ಬಲ್ಲ.

ಹಿನ್ನೆಲೆ

ಕೊಳಗಳಲ್ಲಿ ಮೀನುಗಳನ್ನು ದಟ್ಟವಾಗಿ ಸಾಕಿದಾಗ ರೋಗಗಳು ಶೀಘ್ರವಾಗಿ ಹರಡುತ್ತವೆ. ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ಕಾಟ್ಲಾ, ರೋಹು ಮುಂತಾದ ಗೆಂಡೆ ಮೀನುಗಳಲ್ಲಿ ಹುಣ್ಣು ಮತ್ತು ರಕ್ತಸ್ರಾವವನ್ನು ಉಂಟುಮಾಡುತ್ತದೆ. ತಿಲಾಪಿಯಾ ಮೀನುಗಳನ್ನು ಸ್ಟ್ರೆಪ್ಟೊಕಾಕಸ್ ಕುಲದ ಬ್ಯಾಕ್ಟೀರಿಯಾಗಳು ಬಾಧಿಸುತ್ತವೆ. ಚಿಕಿತ್ಸೆಗೆಂದು ನೀಡಿದ ಪ್ರತಿಜೀವಕದ ಒಂದು ಭಾಗ ನೀರಿಗೆ ಸೇರಿ, ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ಎಡೆಮಾಡಿಕೊಡುತ್ತದೆ. ಐರೋಪ್ಯ ಒಕ್ಕೂಟವು ಬೆಳವಣಿಗೆಗಾಗಿ ಪಶು ಆಹಾರದಲ್ಲಿ ಪ್ರತಿಜೀವಕ ಬೆರೆಸುವುದನ್ನು 2006ರ ಜನವರಿ 1ರಿಂದ ನಿಷೇಧಿಸಿತು. ಭಾರತದ ಜಲಕೃಷಿಯಲ್ಲಿ ಕ್ಲೋರಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್‌ಗಳು ನಿಷಿದ್ಧ.

ಕಾರ್ಯವಿಧಾನ

ಮೀನು ಶೀತರಕ್ತ ಪ್ರಾಣಿ. ಅದರಲ್ಲಿ ಪ್ರತಿಕಾಯಗಳು ನಿಧಾನವಾಗಿ ಉತ್ಪತ್ತಿಯಾಗುವುದರಿಂದ ಹುಟ್ಟಿನಿಂದಲೇ ಇರುವ ರಕ್ಷಣಾ ವ್ಯವಸ್ಥೆಯ ಮೇಲೆ ಅದು ಹೆಚ್ಚು ಅವಲಂಬಿತವಾಗಿದೆ. ಮೈಮೇಲಿನ ಲೋಳೆ, ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಒಡೆಯುವ ಲೈಸೊಜೈಮ್ ಕಿಣ್ವ, ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳು ಈ ವ್ಯವಸ್ಥೆಯ ಅಂಗಗಳು. ತೈಲ ಬೆರೆಸಿದ ಆಹಾರದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಇವುಗಳ ಚಟುವಟಿಕೆಯನ್ನೇ.

ಓಮದ ಘಾಟಿಗೆ ಕಾರಣವಾದ ಥೈಮಾಲ್ ಮತ್ತು ಅದರ ಸಮೀಪದ ಬಂಧುವಾದ ಕಾರ್ವಕ್ರಾಲ್ ಬ್ಯಾಕ್ಟೀರಿಯಾದ ಪೊರೆಯನ್ನು ಶಿಥಿಲಗೊಳಿಸಿ ಒಳಗಿನ ದ್ರವ್ಯ ಸೋರಿಹೋಗುವಂತೆ ಮಾಡುತ್ತವೆ. ಲವಂಗದ ಯೂಜಿನಾಲ್, ದಾಲ್ಚಿನ್ನಿಯ ಸಿನಮಾಲ್ಡಿಹೈಡ್, ಕಿತ್ತಳೆ ಸಿಪ್ಪೆಯ ಲಿಮೊನೀನ್ ಸಹ ಅಧ್ಯಯನಕ್ಕೆ ಒಳಗಾಗಿವೆ. ಕಿತ್ತಳೆ ಸಿಪ್ಪೆಯ ತೈಲವನ್ನು ಮೊಜಾಂಬಿಕ್ ತಿಲಾಪಿಯಾಗಳಿಗೆ ಉಣಿಸಿ, ನಂತರ ಸ್ಟ್ರೆಪ್ಟೊಕಾಕಸ್ ಇನಿಯೆ ಸೋಂಕಿಗೆ ಒಡ್ಡಿದ ಪ್ರಯೋಗದಲ್ಲಿ ಬದುಕುಳಿದ ಮೀನುಗಳ ಪ್ರಮಾಣ ಹೆಚ್ಚಿತ್ತು.

ಬೆರೆಸುವ ಕ್ರಮ

ಕಾರ್ಖಾನೆಯಲ್ಲಿ ಆಹಾರದ ಗುಳಿಗೆಗಳು ಬಿಸಿ ಹಾಗೂ ಒತ್ತಡದಲ್ಲಿ ತಯಾರಾಗುತ್ತವೆ. ಆ ಹಂತದಲ್ಲಿ ಬೆರೆಸಿದ ತೈಲದ ಬಹುಪಾಲು ಹಾರಿಹೋಗುವುದರಿಂದ, ಗುಳಿಗೆ ತಣಿದ ಮೇಲೆ ಅದನ್ನು ಬೇರೊಂದು ಎಣ್ಣೆಯೊಡನೆ ಲೇಪಿಸುವುದು ರೂಢಿ. ಕೈಟೊಸಾನ್‌ನಂತಹ ಪದಾರ್ಥದ ಸೂಕ್ಷ್ಮ ಕೋಶಗಳಲ್ಲಿ ತೈಲವನ್ನು ಹುದುಗಿಸಿದರೆ ಅದು ಕರುಳಿನವರೆಗೂ ಉಳಿಯುತ್ತದೆ, ಆದರೆ ವೆಚ್ಚ ಹೆಚ್ಚು.

ಮಿತಿಗಳು

ಸಾರಭೂತ ತೈಲವನ್ನು ಔಷಧವೆಂದು ಭಾವಿಸುವುದು ಸರಿಯಲ್ಲ. ರೋಗಪೀಡಿತ ಮೀನು ಮೊದಲು ಬಿಡುವುದೇ ಆಹಾರವನ್ನು. ಆದ್ದರಿಂದ ಆಹಾರದಲ್ಲಿರುವ ತೈಲವು ಅಗತ್ಯವಿದ್ದ ಮೀನಿಗೇ ತಲುಪುವುದಿಲ್ಲ. ಇದರ ಪ್ರಯೋಜನವೇನಿದ್ದರೂ ರೋಗ ಬರುವ ಮುನ್ನ. ನೈಸರ್ಗಿಕವಾದುದು ಎಷ್ಟಾದರೂ ನಿರಪಾಯಕರ ಎಂಬ ಜನಪ್ರಿಯ ನಂಬಿಕೆಗೂ ಇಲ್ಲಿ ಆಧಾರವಿಲ್ಲ. ಲವಂಗದ ತೈಲವನ್ನು ನೀರಿಗೆ ಬೆರೆಸಿ ಮೀನುಗಳಿಗೆ ಅರಿವಳಿಕೆಯಾಗಿ ಬಳಸುವುದುಂಟು, ಪ್ರಮಾಣ ಮೀರಿದರೆ ಅವು ಸಾಯುತ್ತವೆ. ಆಹಾರದಲ್ಲಿ ಘಾಟು ಹೆಚ್ಚಾದರೆ ಮೀನುಗಳು ತಿನ್ನುವುದನ್ನೇ ಕಡಿಮೆ ಮಾಡಬಹುದು.

ಬಹುತೇಕ ಪ್ರಯೋಗಗಳು ನಡೆದಿರುವುದು ಪ್ರಯೋಗಾಲಯದ ತೊಟ್ಟಿಗಳಲ್ಲಿ. ರೈತರ ಕೊಳದ ನೀರಿನ ಗುಣ, ಉಷ್ಣತೆ, ಮೀನುಗಳ ದಟ್ಟಣೆ ಬೇರೆಯಾಗಿರುತ್ತವೆ. ಅಲ್ಲದೆ ಒಂದೇ ಸಸ್ಯದ ತೈಲವೂ ತಳಿ, ಮಣ್ಣು ಹಾಗೂ ಕೊಯ್ಲಿನ ಋತುವಿಗೆ ತಕ್ಕಂತೆ ಬದಲಾಗುವುದರಿಂದ, ಒಂದು ತೈಲಕ್ಕೆ ಗೊತ್ತುಪಡಿಸಿದ ಪ್ರಮಾಣವು ಅದೇ ಹೆಸರಿನ ಇನ್ನೊಂದಕ್ಕೆ ಹೊಂದದಿರಬಹುದು.