ದಾಖಲೆ ಪುಸ್ತಕ ಯಾರ ಕೈಲಿತ್ತು?



ಮೊನ್ನೆ ಆಫೀಸಲ್ಲಿ ಟೀ ಹೊತ್ತಿಗೆ ಸಹೋದ್ಯೋಗಿಯೊಬ್ರು ಹಳೇ ರಾಗ ತೆಗೆದ್ರು. "ಆಟದಲ್ಲಿ ರಿಸರ್ವೇಶನ್ ಇಲ್ಲ ನೋಡಿ, ಅದಕ್ಕೇ ಅಲ್ಲಿ ನಿಜವಾದ ಮೆರಿಟ್ ಗೆಲ್ಲೋದು" ಅಂದ್ರು. ನಾನು ಆಟದ ಹುಚ್ಚಿನವನು. ಜುಲೈ ಬಂತಂದ್ರೆ ಸಂಜೆ ಮನೆಗೆ ಹೋಗಿ ಮೊಬೈಲಲ್ಲಿ ಟೂರ್ ಡಿ ಫ್ರಾನ್ಸ್ ನೋಡ್ತೀನಿ, ಬೇಸ್‌ಬಾಲ್ ಅಂಕಿ-ಅಂಶ ಓದ್ತೀನಿ. ಅವರಿಗೆ ಅಲ್ಲಿ ಹೇಳೋಕಾಗದ್ದನ್ನ ಇಲ್ಲಿ ಬರೀತಿದ್ದೀನಿ.

ಆಟದಲ್ಲಿ ರಿಸರ್ವೇಶನ್ ಇತ್ತು ಸ್ವಾಮಿ. ನೂರಕ್ಕೆ ನೂರು ಇತ್ತು. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಟೊಲೆಡೊ ತಂಡದಲ್ಲಿ ಆಡಿದ್ದ. ಆಮೇಲೆ ಅಮೆರಿಕದ ಬೇಸ್‌ಬಾಲ್ ಬಾಗಿಲು ಮುಚ್ಚಿತು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಮೈದಾನಕ್ಕೆ ಇಳಿಯುವವರೆಗೆ ದೊಡ್ಡ ಲೀಗುಗಳು ಬಿಳಿಯರಿಗೇ ಮೀಸಲು. ಹಾಗಂತ ಬರೆದಿಟ್ಟ ನಿಯಮವೇನೂ ಇರಲಿಲ್ಲ, ಮಾಲೀಕರ ನಡುವೆ ಒಳ ಒಪ್ಪಂದ ಇತ್ತು. ನಮ್ಮೂರಲ್ಲೂ ದೇವಸ್ಥಾನದ ಬಾಗಿಲಿಗೆ ಬೋರ್ಡ್ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು ಅಷ್ಟೇ. ಬೇಬ್ ರೂತ್ 714 ಹೋಮ್ ರನ್ ಹೊಡೆದದ್ದು ಆ ಕಾಲದಲ್ಲೇ. ಆತ ದೊಡ್ಡ ಆಟಗಾರ, ಅನುಮಾನ ಇಲ್ಲ. ಆದರೆ ಸ್ಯಾಚೆಲ್ ಪೇಜ್‌ನಂಥ ಬೌಲರ್‌ನನ್ನು ಲೀಗ್ ಪಂದ್ಯದಲ್ಲಿ ಎದುರಿಸದೆ ಮಾಡಿದ ದಾಖಲೆ ಅದು. ಪೇಜ್‌ಗೆ ದೊಡ್ಡ ಲೀಗಿನಲ್ಲಿ ಅವಕಾಶ ಸಿಕ್ಕಿದ್ದು 1948ರಲ್ಲಿ, 42ನೇ ವಯಸ್ಸಿಗೆ.

ಕಪ್ಪು ಜನ ಸುಮ್ಮನೆ ಕೂರಲಿಲ್ಲ. ಬಾಬಾಸಾಹೇಬರು 'ಮೂಕನಾಯಕ' ಶುರು ಮಾಡಿದ 1920ರಲ್ಲೇ ಅವರು ತಮ್ಮದೇ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದರು. ಜಾಶ್ ಗಿಬ್ಸನ್ ಬೆಳೆದದ್ದು ಅಂಥ ಲೀಗುಗಳಲ್ಲಿ. ಅವನು ಸತ್ತದ್ದು 1947ರ ಜನವರಿಯಲ್ಲಿ, 35ನೇ ವಯಸ್ಸಿಗೆ. ಇನ್ನು ಮೂರೇ ತಿಂಗಳಿಗೆ ರಾಬಿನ್ಸನ್‌ಗೆ ಬಾಗಿಲು ತೆರೆಯಿತು. ಗಿಬ್ಸನ್ ಸಮಾಧಿಗೆ ಎಷ್ಟೋ ವರ್ಷ ಒಂದು ಕಲ್ಲೂ ಇರಲಿಲ್ಲ.

2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್‌ನವರು ನೀಗ್ರೋ ಲೀಗುಗಳ ಅಂಕಿಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿದರು. ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್‌ನ .367 ಕೆಳಗೆ ಹೋಯ್ತು, ಗಿಬ್ಸನ್‌ನ .372 ಮೇಲೆ ಬಂತು. ನಾನು ಗುಮಾಸ್ತ. ಜ್ಯೇಷ್ಠತಾ ಪಟ್ಟಿ ತಿದ್ದುಪಡಿ ಆದಾಗ ಆಫೀಸಲ್ಲಿ ಎಂಥ ಗಲಾಟೆ ಆಗುತ್ತೆ ಅಂತ ಗೊತ್ತು. ಅಲ್ಲೂ ಅದೇ ಗಲಾಟೆ. "ಅವರು ಆಡಿದ ಪಂದ್ಯ ಕಡಿಮೆ, ಲೆಕ್ಕ ಪೂರ್ತಿ ಇಲ್ಲ" ಅಂದ್ರು. ಪಂದ್ಯ ಕಡಿಮೆ ನಿಜ. ಕಾಬ್ ಆಡಿದ್ದರ ಕಾಲುಭಾಗದಷ್ಟೂ ಗಿಬ್ಸನ್‌ನ ಲೆಕ್ಕಕ್ಕೆ ಸಿಕ್ಕಿಲ್ಲ. ಆದರೆ ಕಡಿಮೆ ಮಾಡಿದವರು ಯಾರು? ಸಿಕ್ಕಿರುವ ಲೆಕ್ಕವೂ ಬಹುಪಾಲು ಕಪ್ಪು ಜನರ ಪತ್ರಿಕೆಗಳು ಅಂದು ಅಚ್ಚು ಹಾಕಿದ್ದರಿಂದ ಉಳಿದದ್ದು.

ಇನ್ನು ಸೈಕಲ್. ಶ್ರೇಷ್ಠ ಯಾರು ಅಂತ ಕೇಳಿದ್ರೆ ನಾನೂ ಎಡ್ಡಿ ಮರ್ಕ್ಸ್ ಅಂತಲೇ ಹೇಳೋದು. 5 ಟೂರ್, 5 ಜಿರೋ ಗೆದ್ದವನು. ಆದರೆ ಮೇಜರ್ ಟೇಲರ್ ಹೆಸರು ಹೇಳದೆ ಆ ಪಟ್ಟಿ ಮುಗಿಸಬೇಡಿ. 1894ರಲ್ಲಿ ಅಮೆರಿಕದ ಸೈಕಲ್ ಸವಾರರ ಸಂಘ ಕಪ್ಪು ಜನರಿಗೆ ಸದಸ್ಯತ್ವ ಇಲ್ಲ ಅಂತ ನಿರ್ಣಯ ಮಾಡಿತು. ಐದೇ ವರ್ಷಕ್ಕೆ, 1899ರಲ್ಲಿ, ಮಾಂಟ್ರಿಯಲ್‌ನಲ್ಲಿ ಟೇಲರ್ ವಿಶ್ವ ಚಾಂಪಿಯನ್ ಆದ. ಬಿಳಿ ಸವಾರರು ಕೂಡಿಕೊಂಡು ಅವನನ್ನು ಸುತ್ತುವರಿದು ದಾರಿ ಕಟ್ಟುತ್ತಿದ್ದರು. 1897ರಲ್ಲಿ ಒಬ್ಬ ಸವಾರ ರೇಸ್ ಮುಗಿದ ಮೇಲೆ ಪ್ರಜ್ಞೆ ತಪ್ಪುವವರೆಗೆ ಅವನ ಕತ್ತು ಹಿಸುಕಿದ. ಕೊನೆಗೆ ಟೇಲರ್ ತನ್ನ ಕಥೆ ತಾನೇ ಬರೆದು, ಸ್ವಂತ ಖರ್ಚಲ್ಲಿ ಅಚ್ಚು ಹಾಕಿಸಿ, ಮನೆ ಮನೆಗೆ ಹೋಗಿ ಮಾರಿದ. 1932ರಲ್ಲಿ ಶಿಕಾಗೋದ ಧರ್ಮಾಸ್ಪತ್ರೆ ವಾರ್ಡಿನಲ್ಲಿ ಸತ್ತ. ಹೆಸರಿಲ್ಲದ ಗುಂಡಿ.

ದಾಖಲೆ ತಿದ್ದಬಾರದು ಅನ್ನೋರಿಗೆ ಒಂದು ಮಾತು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಗೆದ್ದ 7 ಟೂರ್ ಪ್ರಶಸ್ತಿಗಳನ್ನು 2012ರಲ್ಲಿ ಹೊಡೆದು ಹಾಕಲಿಲ್ವಾ? ಮೋಸದಿಂದ ಬಂದದ್ದನ್ನ ಹೊಡೆಯೋಕೆ ಬರುತ್ತೆ ಅಂದ್ರೆ, ಮೋಸದಿಂದ ಬಿಟ್ಟದ್ದನ್ನ ಸೇರಿಸೋಕೂ ಬರಬೇಕು.

ನಮ್ಮ ಕಡೆ? 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಲೂ, ಚಮ್ಮಾರರ ಮಗ, 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದ. ಅವನ ಬೌಲಿಂಗ್ ಬೇಕಿತ್ತು, ಆದರೆ ಟೀ ಮಾತ್ರ ಹೊರಗೆ, ಮಣ್ಣಿನ ಲೋಟದಲ್ಲಿ. ಹಿಂದೂ ತಂಡದ ನಾಯಕತ್ವ ಅವನಿಗೆ ಕೊಡಲಿಲ್ಲ. ಮುಂದೆ ತಮ್ಮ ವಿಠ್ಠಲನಿಗೆ ಸಿಕ್ಕಿತು. 1937ರ ಚುನಾವಣೆಯಲ್ಲಿ ಬಾಲೂ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತ. ಅದನ್ನೂ ಹೇಳಬೇಕು. ಆ ಕಾರಣಕ್ಕೆ ಅವನ 114 ವಿಕೆಟ್ಟು ಕಮ್ಮಿ ಆಗಲ್ಲ.

ನಮ್ಮಪ್ಪನ ಹತ್ರ ಒಂದು ಹಳೇ ಸೈಕಲ್ ಇತ್ತು. ನನ್ನನ್ನ ಮುಂದಿನ ಬಾರ್ ಮೇಲೆ ಕೂರಿಸಿಕೊಂಡು ಸಂತೆಗೆ ಹೋಗೋರು. ಮೇಲ್ಜಾತಿಯವರ ಬೀದಿ ಬಂದ ತಕ್ಷಣ ಇಳಿದು ತಳ್ಳೋರು. ಯಾಕಪ್ಪ ಅಂದ್ರೆ "ಚೈನು ಬಿದ್ದೈತೆ ಮಗ" ಅನ್ನೋರು. ಆ ಬೀದೀಲಿ ಮಾತ್ರ ದಿನಾ ಯಾಕೆ ಚೈನು ಬೀಳ್ತಿತ್ತು ಅನ್ನೋದು ನನಗೆ ಅರ್ಥ ಆಗೋಕೆ ಬಹಳ ವರ್ಷ ಬೇಕಾಯ್ತು.

ಹಂಗಾಗಿ ಒಂದು ಕೆಲಸ ಮಾಡಿ. ನಿಮ್ಮ ಕೇರೀಲಿ ಕಬಡ್ಡಿ, ಕುಸ್ತಿ, ವಾಲಿಬಾಲ್ ಆಡಿದ ಹಿರಿಯರು ಇನ್ನೂ ಇದ್ದಾರೆ. ಅವರ ಹೆಸರು, ವರ್ಷ, ಎಲ್ಲಿ ಗೆದ್ದರು, ಎಲ್ಲಿ ತಂಡದಿಂದ ಕೈಬಿಟ್ಟರು ಅಂತ ಕೇಳಿ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಗಿಬ್ಸನ್‌ಗೆ ನ್ಯಾಯ ಸಿಗೋಕೆ 77 ವರ್ಷ ಆಯ್ತು. ಅಷ್ಟಾದರೂ ಸಿಕ್ಕಿದ್ದು ಯಾರೋ ಅವತ್ತೇ ಬರೆದಿಟ್ಟಿದ್ದರಿಂದ.

ಜೈಭೀಮ್.