ಬಿ ಪ್ಲಸ್ ಅಂದ್ರ ಪಾಸೋ, ನಪಾಸೋ?

ಜಮಖಂಡಿಯ ನಮ್ಮನ್ಯಾಗ ಅಕ್ಕನ ಮಗಳ ಪ್ರಗತಿ ಪತ್ರ ನೋಡಿ ಅಜ್ಜ ಕೇಳಿದ್ರು: "ಬಿ ಪ್ಲಸ್ ಅಂದ್ರ ಪಾಸೋ, ನಪಾಸೋ?"

ಅಜ್ಜನಿಗೆ ಗೊತ್ತಿದ್ದದ್ದು ಮುಲ್ಕಿ. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬೈ ಪ್ರಾಂತ್ಯ ಸೇರಿದವು. ಬೀಳಗಿ ಮೊದಲೇ ಅದರೊಳಗಿತ್ತು. ಆ ಕಡೆಯ ಏಳನೇ ಇಯತ್ತೆಯ ಪರೀಕ್ಷೆಯೇ ಮುಲ್ಕಿ. ಪಾಸಾದವರಿಗೆ ಮಾಸ್ತರಕಿಯ ದಾರಿ. ನಪಾಸಾದ್ರ ಹೊಲ, ಇಲ್ಲಾ ರಬಕವಿ-ಬನಹಟ್ಟಿಯ ಮಗ್ಗ.

2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯ್ತು. ಎಂಟನೇ ತರಗತಿವರೆಗೆ ನಪಾಸು ಮಾಡೋದು ನಿಂತು, ವರ್ಷವಿಡೀ ಮೌಲ್ಯಮಾಪನ ಬಂತು. ನಮ್ಮ ರಾಜ್ಯದ ಲೆಕ್ಕ ಹೀಗೆ: 90ರಿಂದ ಎ ಪ್ಲಸ್, 70ರಿಂದ ಎ, 50ರಿಂದ ಬಿ ಪ್ಲಸ್, 30ರಿಂದ ಬಿ, ಅದಕ್ಕೂ ಕಡಿಮೆ ಸಿ.

ಅಂದ್ರ 51 ಬಂದ್ರೂ 69 ಬಂದ್ರೂ ಒಂದೇ ಅಕ್ಷರ. ನಮ್ಮ ಹುಡುಗಿಗೆ ಭಾಗಾಕಾರ ಬರೂದಿಲ್ಲ ಅನ್ನೋದು ಅಜ್ಜ ಪಾಟಿ ಕೊಟ್ಟು ಕೂಡಿಸಿದಾಗಲೇ ತಿಳೀತು. ಗ್ರೇಡ್ ನೋಡ್ರಿ, ಯಾವ ಪಾಠ ಬಂದಿಲ್ಲ ಅಂತ ಟೀಚರ್‌ನ್ನೂ ಕೇಳ್ರಿ.